ವಿಕಿರಣದ ಅಪಾಯ ಎದುರಾದಾಗ ನಮ್ಮನ್ನು ಮನೆಯಿಂದ ಎಬ್ಬಿಸುವ ಅಧಿಕಾರ ಯಾರದು, ಅದಕ್ಕೆ ಮಿತಿ ಎಲ್ಲಿ?

ಕಾಳಿ ದಂಡೆಯವ (ಕಾರವಾರ ತಾಲ್ಲೂಕು)
ಕೈಗಾ ಅಣುವಿದ್ಯುತ್ ಸ್ಥಾವರದಿಂದ 16 ಕಿ.ಮೀ. ವ್ಯಾಪ್ತಿಯೊಳಗೆ ಬರುವ ಹಳ್ಳಿಯೊಂದರಲ್ಲಿ ನಮ್ಮ ಮನೆ, ಅಡಿಕೆ ತೋಟ ಮತ್ತು ದನದ ಕೊಟ್ಟಿಗೆ ಇವೆ. ಸ್ಥಾವರ ಬೇಕೇ ಬೇಡವೇ ಎಂಬ ಹಳೆಯ ವಾದವನ್ನು ನಾನು ಇಲ್ಲಿ ಎತ್ತುತ್ತಿಲ್ಲ. 220 ಮೆಗಾವಾಟ್‌ನ ನಾಲ್ಕು ಘಟಕಗಳು ನಡೆಯುತ್ತಿವೆ, 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ನಾವು ಅವುಗಳ ಪಕ್ಕದಲ್ಲೇ ಬದುಕಬೇಕು. ನನ್ನ ಪ್ರಶ್ನೆ ಕಾನೂನಿಗೆ ಸಂಬಂಧಿಸಿದ್ದು.

ನಮ್ಮ ಕಡೆ ನಡೆದ ಅಣಕು ಕಾರ್ಯಾಚರಣೆಯೊಂದರಲ್ಲಿ ಅಧಿಕಾರಿಯೊಬ್ಬರು, ಸೂಚನೆ ಬಂದ ಕೂಡಲೇ ಎಲ್ಲರೂ ಬಸ್ಸು ಹತ್ತಬೇಕು ಎಂದು ವಿವರಿಸಿದರು. ಹತ್ತುವುದಿಲ್ಲ ಎಂದರೆ ಏನು ಮಾಡುತ್ತೀರಿ, ಕೊಟ್ಟಿಗೆಯಲ್ಲಿ ಕಟ್ಟಿದ ದನಗಳನ್ನು ಯಾರು ನೋಡುತ್ತಾರೆ, ಮತ್ತೆ ಯಾವಾಗ ವಾಪಸು ಬಿಡುತ್ತೀರಿ ಎಂದು ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಕೇಳಿದರು. ಅವರಿಗೆ ಸಮಾಧಾನವಾಗುವಂತಹ ಉತ್ತರ ಸಿಗಲಿಲ್ಲ. ವಿಕಿರಣದ ಅಪಾಯ ಬಂದಾಗ ಸರ್ಕಾರಕ್ಕೆ ಯಾವ ಯಾವ ಅಧಿಕಾರಗಳಿವೆ, ಅವನ್ನು ಚಲಾಯಿಸುವವರು ಯಾರು, ಅವು ಎಷ್ಟು ಕಾಲ ನಡೆಯುತ್ತವೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಹುಬ್ಬಳ್ಳಿಯ ಓದುಗ
ಇಂಥ ಸಂದರ್ಭದಲ್ಲಿ ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸುತ್ತಾರೆ, ಮೂಲಭೂತ ಹಕ್ಕುಗಳು ಅಮಾನತಾಗುತ್ತವೆ, ಸೇನೆ ಬರುತ್ತದೆ. ಆಗ ಒಪ್ಪುವ ಅಥವಾ ಒಪ್ಪದಿರುವ ಪ್ರಶ್ನೆಯೇ ಉಳಿಯುವುದಿಲ್ಲ.

ಕಾನೂನು ವಿದ್ಯಾರ್ಥಿನಿ (ಮೈಸೂರು)
ಹುಬ್ಬಳ್ಳಿಯ ಓದುಗರೇ, ದಯವಿಟ್ಟು ಈ ತಿಳಿವಳಿಕೆ ಹರಡದಿರಲಿ. ಸಂವಿಧಾನದ 352ನೇ ವಿಧಿಯಡಿ ತುರ್ತುಪರಿಸ್ಥಿತಿ ಘೋಷಿಸಲು ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ದಂಗೆ ಇರಬೇಕು. ಮೊದಲು ಅಲ್ಲಿ ‘ಆಂತರಿಕ ಗಲಭೆ’ ಎಂದಿತ್ತು, 1978ರ 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಸ್ಥಾವರದ ಅಪಘಾತ ಈ ಮೂರರಲ್ಲಿ ಯಾವುದೂ ಅಲ್ಲ. ಆದ್ದರಿಂದ ನಮ್ಮ ಜೀವದ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಅಂದೂ ಜಾರಿಯಲ್ಲೇ ಇರುತ್ತದೆ. ಸರ್ಕಾರ ಏನು ಮಾಡಿದರೂ ಒಂದು ಸಾಮಾನ್ಯ ಕಾಯ್ದೆಯ ಬಲದಿಂದಲೇ ಮಾಡಬೇಕು, ಆ ಕ್ರಮ ನ್ಯಾಯಸಮ್ಮತವಾಗಿದೆಯೇ ಎಂದು ಹೈಕೋರ್ಟು ನೋಡಬಹುದು.

ಧಾರವಾಡದ ವಕೀಲ
ವಿದ್ಯಾರ್ಥಿನಿ ಬರೆದದ್ದು ಸರಿಯಾಗಿದೆ. ಆ ಸಾಮಾನ್ಯ ಕಾಯ್ದೆ ಎಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರಲ್ಲಿ ವಿಪತ್ತು ಎಂದರೆ ಪ್ರಕೃತಿಯಿಂದ ಬಂದದ್ದು ಮಾತ್ರವಲ್ಲ, ಮನುಷ್ಯನ ಕಾರಣದಿಂದ, ಅಪಘಾತದಿಂದ ಅಥವಾ ನಿರ್ಲಕ್ಷ್ಯದಿಂದ ಆದದ್ದೂ ಸೇರುತ್ತದೆ. ಹಾಗಾಗಿ ವಿಕಿರಣದ ಅಪಘಾತ ಅದರ ವ್ಯಾಪ್ತಿಗೆ ಬರುತ್ತದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ, ಅದಕ್ಕೆ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು ಸಹ ಅಧ್ಯಕ್ಷರು.

ಕಲಂ 34ನ್ನು ಎಲ್ಲರೂ ಒಮ್ಮೆ ಓದಬೇಕು. ಅಪಾಯಕ್ಕೆ ಒಳಗಾದ ಅಥವಾ ಒಳಗಾಗಬಹುದಾದ ಪ್ರದೇಶಕ್ಕೆ ವಾಹನ ಬರದಂತೆ, ಅಲ್ಲಿಂದ ಹೋಗದಂತೆ ತಡೆಯುವ ಅಧಿಕಾರ ಪ್ರಾಧಿಕಾರಕ್ಕಿದೆ. ಜನರು ಒಳಗೆ ಬರುವುದನ್ನು, ಒಳಗೆ ಓಡಾಡುವುದನ್ನು ಮತ್ತು ಅಲ್ಲಿಂದ ಹೊರಹೋಗುವುದನ್ನೂ ಅದು ನಿಯಂತ್ರಿಸಬಹುದು. ಎಬ್ಬಿಸುವ ಅಧಿಕಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮನೆಯ ಬಾಗಿಲು ಹಾಕಿಕೊಂಡು ಒಳಗೇ ಇರಿ ಎಂದು ಕಟ್ಟುನಿಟ್ಟಾಗಿ ಹೇಳುವ ಅಧಿಕಾರವೂ ಅಷ್ಟೇ ಗಟ್ಟಿಯಾಗಿ ಅಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಲಂ 65ರ ಪ್ರಕಾರ ನಿಮ್ಮ ಜೀಪು, ಲಾರಿ, ಕಲ್ಯಾಣ ಮಂಟಪ, ಶಾಲಾ ಕಟ್ಟಡ ಎಲ್ಲವನ್ನೂ ವಶಕ್ಕೆ ತೆಗೆದುಕೊಳ್ಳಬಹುದು; ಅದಕ್ಕೆ ಪರಿಹಾರ ಕೊಡಬೇಕೆಂದು ಕಲಂ 66 ಹೇಳುತ್ತದೆ. ಪ್ರಾಧಿಕಾರದ ನಿರ್ದೇಶನವನ್ನು ಸಕಾರಣವಿಲ್ಲದೆ ಪಾಲಿಸದವರಿಗೆ ಕಲಂ 51ರಡಿ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು. ಆ ನಿರಾಕರಣೆಯಿಂದ ಪ್ರಾಣಹಾನಿಯಾದರೆ ಅಥವಾ ಪ್ರಾಣಕ್ಕೆ ಸನ್ನಿಹಿತ ಅಪಾಯ ಒದಗಿದರೆ ಸೆರೆವಾಸ ಎರಡು ವರ್ಷದವರೆಗೆ ಹೋಗುತ್ತದೆ.

ಯಾವಾಗ ವಾಪಸು ಬಿಡುತ್ತೀರಿ ಎಂಬ ಆ ಹಿರಿಯ ಹೆಂಗಸಿನ ಮೂರನೆಯ ಪ್ರಶ್ನೆ ನಿಜಕ್ಕೂ ತೂಕದ್ದು. ಈ ನಿರ್ಬಂಧಗಳು ಇಷ್ಟು ದಿನಕ್ಕೆ ಮುಗಿಯಬೇಕು ಎಂಬ ಗಡುವು ಕಲಂ 34ರಲ್ಲಿ ಇಲ್ಲ.

ಹುಬ್ಬಳ್ಳಿಯ ಓದುಗ
ಹಾಗಾದರೆ 144ನೇ ಸೆಕ್ಷನ್ ಸಾಕಲ್ಲವೇ? ಎಲ್ಲ ಕಡೆಯೂ ಅದನ್ನೇ ಹಾಕುತ್ತಾರೆ.

ಕಾನೂನು ವಿದ್ಯಾರ್ಥಿನಿ (ಮೈಸೂರು)
2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163 ಆಗಿದೆ. ಗಮನಿಸಬೇಕಾದ ವ್ಯತ್ಯಾಸವೊಂದಿದೆ: ಗುಂಪು ಸೇರುವುದನ್ನು ತಡೆಯುವ ಆ ನಿಷೇಧಾಜ್ಞೆಗೆ ಎರಡು ತಿಂಗಳ ಮಿತಿ ಇದೆ, ರಾಜ್ಯ ಸರ್ಕಾರ ಅದನ್ನು ಮುಂದೆ ಆರು ತಿಂಗಳಿಗಿಂತ ಹೆಚ್ಚು ವಿಸ್ತರಿಸುವಂತಿಲ್ಲ. ಇಡೀ ಊರನ್ನು ಖಾಲಿ ಮಾಡಿಸಬಲ್ಲ ಕಾಯ್ದೆಗೆ ಅಂತಹ ಮಿತಿಯೇ ಇಲ್ಲ. ದೊಡ್ಡ ಅಧಿಕಾರಕ್ಕೆ ಗಡುವಿಲ್ಲದಿರುವುದು ಶಾಸನದ ಕೊರತೆ ಎಂದೇ ನನ್ನ ಅಭಿಪ್ರಾಯ.

ಸ್ಥಾವರದ ನಿವೃತ್ತ
ಅಣುವಿದ್ಯುತ್ ಕ್ಷೇತ್ರದಲ್ಲೇ ದುಡಿದು ನಿವೃತ್ತನಾದವನು ನಾನು. ಗಡುವಿನ ವಿಷಯದಲ್ಲಿ ಈ ಇಬ್ಬರ ಮಾತನ್ನು ಒಪ್ಪಲಾರೆ. ಅಪಘಾತದಲ್ಲಿ ಹೊರಬೀಳುವ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷ. ಶಾಸನಸಭೆ ಎರಡು ತಿಂಗಳು ಎಂದು ಬರೆದ ಮಾತ್ರಕ್ಕೆ ನೆಲದಲ್ಲಿ ಕುಳಿತ ಸೀಸಿಯಂ ಎದ್ದು ಹೋಗುವುದಿಲ್ಲ. ನಿರ್ಬಂಧದ ಅವಧಿಯನ್ನು ಅಳತೆಯ ಉಪಕರಣ ಹೇಳಬೇಕು, ಕ್ಯಾಲೆಂಡರ್ ಹೇಳಬಾರದು.

ಮೂಲ ಪ್ರಶ್ನೆಗೆ ಬರುತ್ತೇನೆ. ನಮ್ಮ ವ್ಯವಸ್ಥೆಯಲ್ಲಿ ತುರ್ತುಸ್ಥಿತಿಗೆ ಮೂರು ಹಂತಗಳಿವೆ. ಸ್ಥಾವರದ ಕಟ್ಟಡದೊಳಗೇ ಮುಗಿಯುವುದು ಒಂದು, ಆವರಣದ ಬೇಲಿಯೊಳಗೆ ಉಳಿಯುವುದು ಇನ್ನೊಂದು. ಬೇಲಿ ದಾಟಿ ಜನವಸತಿಗೆ ತಟ್ಟುವಂತಹದ್ದು ಹೊರಾವರಣ ತುರ್ತುಸ್ಥಿತಿ. ಮೊದಲೆರಡರಲ್ಲಿ ಸ್ಥಾವರದ ಮುಖ್ಯಸ್ಥರೇ ಜವಾಬ್ದಾರರು. ಮೂರನೆಯದರಲ್ಲಿ ಅವರು ಮಾಹಿತಿ ಮತ್ತು ಸಲಹೆ ಕೊಡುತ್ತಾರೆ, ಕಾರ್ಯಾಚರಣೆಯ ಹೊಣೆ ಜಿಲ್ಲಾಧಿಕಾರಿಯದು. ಕೇಂದ್ರದಲ್ಲಿ ಪರಮಾಣು ಶಕ್ತಿ ಇಲಾಖೆಯ ಬಿಕ್ಕಟ್ಟು ನಿರ್ವಹಣಾ ತಂಡ 1987ರಿಂದ ಇದೆ. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಅಣು ಮತ್ತು ವಿಕಿರಣ ತುರ್ತುಸ್ಥಿತಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ.

ಜನರನ್ನು ಯಾವಾಗ ಎಬ್ಬಿಸಬೇಕು ಎಂಬುದಕ್ಕೂ ಅಳತೆಗೋಲು ಇದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾನದಂಡದಂತೆ ಮೊದಲ 7 ದಿನಗಳಲ್ಲಿ 100 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಪ್ರಮಾಣ ತಗಲುವ ಸಂಭವವಿದ್ದರೆ ಆಶ್ರಯ ಅಥವಾ ಸ್ಥಳಾಂತರವನ್ನು ಪರಿಗಣಿಸಬೇಕು. ಥೈರಾಯ್ಡ್ ಗ್ರಂಥಿಗೆ 50 ಮಿಲಿಸೀವರ್ಟ್ ಎಂಬ ಅಂದಾಜು ಬಂದರೆ, ವಿಕಿರಣಶೀಲ ಅಯೋಡಿನ್ ಆ ಗ್ರಂಥಿ ಸೇರದಂತೆ ತಡೆಯುವ ಅಯೋಡಿನ್ ಮಾತ್ರೆ ಕೊಡಬೇಕು.

ಶಿರಸಿಯ ಶಿಕ್ಷಕಿ
ನಿವೃತ್ತರೇ, ಅಳತೆಯ ಉಪಕರಣವೇ ಹೇಳಲಿ ಎಂಬ ಮಾತನ್ನು ಒಪ್ಪೋಣ. ಆದರೆ ಆ ಉಪಕರಣ ಯಾರ ಕೈಯಲ್ಲಿದೆ, ಅದು ತೋರಿಸಿದ್ದನ್ನು ನಮಗೆ ಹೇಳಲೇಬೇಕೆಂಬ ಕಟ್ಟುಪಾಡು ಎಲ್ಲಿದೆ? 1962ರ ಪರಮಾಣು ಶಕ್ತಿ ಕಾಯ್ದೆಯ ಕಲಂ 18 ಮಾಹಿತಿ ಹೊರಗೆ ಹೋಗದಂತೆ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತ್ತು. ಎಬ್ಬಿಸುವ ಅಧಿಕಾರಕ್ಕಿಂತ ಮುಚ್ಚಿಡುವ ಅಧಿಕಾರವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಧಾರವಾಡದ ವಕೀಲ
1962ರ ಕಾಯ್ದೆಯನ್ನೂ 2010ರ ಅಣು ಹಾನಿ ನಾಗರಿಕ ಹೊಣೆಗಾರಿಕೆ ಕಾಯ್ದೆಯನ್ನೂ ತೆಗೆದು ಅವುಗಳ ಜಾಗದಲ್ಲಿ ಒಂದೇ ಕಾನೂನು ತರುವುದಕ್ಕಾಗಿ ಸಂಸತ್ತು 2025ರ ಡಿಸೆಂಬರ್‌ನಲ್ಲಿ ‘ಶಾಂತಿ’ ಮಸೂದೆಯನ್ನು ಅಂಗೀಕರಿಸಿದೆ. 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಅದರಲ್ಲಿ ಶಾಸನಬದ್ಧ ಸ್ಥಾನ ಸಿಕ್ಕಿದೆ. ಇದು ಬಹಳ ಕಾಲದ ಬೇಡಿಕೆ, ಸ್ವಾಗತಿಸಬೇಕು. ಆದರೆ ಸಂವಿಧಾನದ ಏಳನೆಯ ಅನುಸೂಚಿಯ ಹಂಚಿಕೆ ಹಾಗೇ ಉಳಿದಿದೆ: ಪರಮಾಣು ಶಕ್ತಿ ಕೇಂದ್ರದ ಪಟ್ಟಿಯಲ್ಲಿ, ಪೊಲೀಸು ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲಿ. ಹೀಗಾಗಿ ಅಪಾಯ ಹುಟ್ಟುವ ಜಾಗದ ಅರಿವು ಕೇಂದ್ರದ ಬಳಿ, ಜನರನ್ನು ನಡೆಸುವ ಹೊಣೆ ರಾಜ್ಯದ ಬಳಿ. ಜಿಲ್ಲಾಧಿಕಾರಿಗೆ ಎಷ್ಟೇ ಅಧಿಕಾರ ಕೊಟ್ಟರೂ, ಬೇಲಿಯಾಚೆಯಿಂದ ಬರುವ ಮೊದಲ ಫೋನ್ ಕರೆ ತಡವಾದರೆ ಅದಷ್ಟೂ ಕೆಲಸಕ್ಕೆ ಬಾರದು.

ಮಂಗಳೂರಿನ ಅಜಿತ
2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದಲ್ಲಿ ನಡೆದದ್ದೂ ಇದೇ ಅಲ್ಲವೇ?

ಟೋಕಿಯೋ ಕನ್ನಡಿಗ
ಬಹುಮಟ್ಟಿಗೆ ಹೌದು. ಇಲ್ಲಿ ಹಲವು ವರ್ಷಗಳಿಂದ ನೆಲೆಸಿರುವುದರಿಂದ ಆ ಕಾನೂನಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1999ರ ಸೆಪ್ಟೆಂಬರ್ 30ರಂದು ತೊಕಾಯಿಮುರಾದ ಇಂಧನ ಘಟಕದಲ್ಲಿ ಅಪಘಾತವಾದ ಮೇಲೆ, ಅಣು ವಿಪತ್ತಿಗೆಂದೇ ಪ್ರತ್ಯೇಕ ವಿಶೇಷ ಕಾಯ್ದೆಯನ್ನು ಜಪಾನ್ ಅದೇ ವರ್ಷ ಮಾಡಿತು. ಅದರಂತೆ ಅಣು ತುರ್ತುಸ್ಥಿತಿಯನ್ನು ಘೋಷಿಸುವವರು ಪ್ರಧಾನಿ. 2011ರ ಮಾರ್ಚ್ 11ರಂದು ಮಧ್ಯಾಹ್ನ 2.46ಕ್ಕೆ ಭೂಕಂಪವಾಯಿತು, ಸಂಜೆ 7.03ಕ್ಕೆ ಪ್ರಧಾನಿ ನಾವೊತೊ ಕಾನ್ ಅವರ ಘೋಷಣೆ ಹೊರಟಿತು. ಆ ರಾತ್ರಿ 9.23ಕ್ಕೆ 3 ಕಿ.ಮೀ. ಒಳಗಿನವರು ಹೊರಡಬೇಕೆಂದರು, ಮರುದಿನ ಬೆಳಗಿನ 5.44ಕ್ಕೆ ಅದು 10 ಕಿ.ಮೀ. ಆಯಿತು, ಸಂಜೆ 6.25ಕ್ಕೆ 20 ಕಿ.ಮೀ. 20ರಿಂದ 30 ಕಿ.ಮೀ. ನಡುವಿನವರಿಗೆ ಮನೆಯೊಳಗೇ ಇರುವಂತೆ 15ರಂದು ಹೇಳಲಾಯಿತು. ಒಂದು ಸಲ ಎದ್ದು ಹೋದವರು ಮತ್ತೆ ಮತ್ತೆ ಎದ್ದು ಹೋಗಬೇಕಾಯಿತು.

ಅಧಿಕಾರಕ್ಕೆ ಕೊರತೆಯಿರಲಿಲ್ಲ. ನಮಿಯೆ ಪಟ್ಟಣದ ಆಡಳಿತಕ್ಕೆ ಸ್ಥಳಾಂತರದ ಆದೇಶದ ಸುದ್ದಿ ತಿಳಿದದ್ದು ಟಿವಿಯಿಂದ. ಅಲ್ಲಿನ ಜನ ತ್ಸುಶಿಮಾ ಎಂಬ ಭಾಗಕ್ಕೆ ಹೋಗಿ ತಂಗಿದರು. ವಿಕಿರಣದ ಮೋಡ ಹಾದುಹೋದದ್ದು ಅದೇ ದಿಕ್ಕಿಗೆ. ಗಾಳಿಯ ದಿಕ್ಕನ್ನು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ಗಣಕ ವ್ಯವಸ್ಥೆ ಸರ್ಕಾರದ ಬಳಿ ಇತ್ತು, ಅದರ ಫಲಿತಾಂಶವನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದಿಟ್ಟದ್ದು ಮಾರ್ಚ್ 23ರಂದು. ಶಿಕ್ಷಕಿಯವರ ಭಯ ಆಧಾರವಿಲ್ಲದ್ದಲ್ಲ.

ಎಬ್ಬಿಸುವ ಅಧಿಕಾರವೂ ನಿರಪಾಯಕಾರಿಯಲ್ಲ. ಸ್ಥಾವರದ ಹತ್ತಿರದ ಫುತಾಬಾ ಆಸ್ಪತ್ರೆಯಿಂದ ಹಾಸಿಗೆ ಹಿಡಿದಿದ್ದ ವೃದ್ಧರನ್ನು ಸರಿಯಾದ ವೈದ್ಯಕೀಯ ನೆರವಿಲ್ಲದೆ ಗಂಟೆಗಟ್ಟಲೆ ಬಸ್ಸಿನಲ್ಲಿ ಸಾಗಿಸಿದಾಗ, ಆ ಸಾಗಾಟದಲ್ಲಿ ಮತ್ತು ಅದರ ಹಿಂದೆಮುಂದೆ 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಇಡೀ ಫುಕುಶಿಮಾ ಪ್ರಾಂತದಲ್ಲಿ, ಸ್ಥಳಾಂತರದ ಬಳಲಿಕೆ, ಚಿಕಿತ್ಸೆಯ ಕೊರತೆ ಮುಂತಾದ ಪರೋಕ್ಷ ಕಾರಣಗಳಿಂದ ಆದವೆಂದು ಅಧಿಕೃತವಾಗಿ ಮನ್ನಿಸಿದ ಸಾವುಗಳು 2,300 ದಾಟಿವೆ. ನಿವಾಸಿಗಳಲ್ಲಿ ನೇರವಾಗಿ ವಿಕಿರಣಕ್ಕೆ ಸಲ್ಲಿಸಬಹುದಾದ ಆರೋಗ್ಯ ಹಾನಿ ದಾಖಲಾಗಿಲ್ಲ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡರೆ, ‘ಸೂಚನೆ ಬಂದ ಕೂಡಲೇ ಎಲ್ಲರೂ ಬಸ್ಸು ಹತ್ತಬೇಕು’ ಎಂಬ ಮಾತು ವೃದ್ಧಾಶ್ರಮಕ್ಕೂ ಆಸ್ಪತ್ರೆಗೂ ಹಾಗೆಯೇ ಅನ್ವಯಿಸುವುದಿಲ್ಲವೆಂದು ತಿಳಿಯುತ್ತದೆ.

ಧಾರವಾಡದ ವಕೀಲ
ಅಲ್ಲಿ ಹೋಗಲೊಪ್ಪದವರನ್ನು ಏನು ಮಾಡಿದರು?

ಟೋಕಿಯೋ ಕನ್ನಡಿಗ
ಮೊದಲ ಆರು ವಾರ ಅದು ದಂಡನೆಯಿಲ್ಲದ ನಿರ್ದೇಶನವಾಗಿತ್ತು, ಕೆಲವರು ಉಳಿದುಕೊಂಡರು, ಕೆಲವರು ದನಕ್ಕೆ ಮೇವು ಹಾಕಲು ಹೋಗಿಬಂದರು. ಏಪ್ರಿಲ್ 22ರಂದು 20 ಕಿ.ಮೀ. ಪ್ರದೇಶವನ್ನು ವಿಪತ್ತು ಮೂಲ ಕಾಯ್ದೆಯ 63ನೇ ಕಲಮಿನಡಿ ಪ್ರವೇಶ ನಿಷಿದ್ಧ ವಲಯವನ್ನಾಗಿ ಮಾಡಿದರು. ಆಮೇಲೆ ಅಪ್ಪಣೆಯಿಲ್ಲದೆ ಒಳಹೋದವರಿಗೆ ಒಂದು ಲಕ್ಷ ಯೆನ್‌ವರೆಗೆ ದಂಡ ಅಥವಾ ಅಲ್ಪಾವಧಿಯ ಬಂಧನ ವಿಧಿಸಬಹುದಿತ್ತು. ಆ ಕಾಯ್ದೆಯಲ್ಲಿ ವಲಯವನ್ನು ಗೊತ್ತುಪಡಿಸುವ ಅಧಿಕಾರ ಪಟ್ಟಣದ ಮೇಯರ್‌ಗೆ ಇದೆ. ಪ್ರಧಾನಿ ಮೇಯರ್‌ಗಳಿಗೆ ನಿರ್ದೇಶನ ಕೊಟ್ಟರು.

ಮುಗಿಯುವ ದಿನದ ಬಗ್ಗೆ ಒಂದು ಮಾತು. 2011ರ ಮಾರ್ಚ್ 11ರ ಆ ಘೋಷಣೆಯನ್ನು ಫುಕುಶಿಮಾ ದಾಯಿಚಿ ಸ್ಥಾವರಕ್ಕೆ ಸಂಬಂಧಿಸಿದಂತೆ ಇದುವರೆಗೆ ಹಿಂತೆಗೆದುಕೊಂಡಿಲ್ಲ. ಊರುಗಳ ಮೇಲಿನ ಆದೇಶಗಳನ್ನು ಮಾತ್ರ ಒಂದೊಂದಾಗಿ ತೆಗೆದರು: ನರಾಹಾ 2015ರಲ್ಲಿ, ನಮಿಯೆ ಮತ್ತು ಇಇತಾತೆಯ ಹೆಚ್ಚಿನ ಭಾಗ 2017ರಲ್ಲಿ, ಫುತಾಬಾದ ಒಂದು ಭಾಗ 2022ರಲ್ಲಿ.

ಯಲ್ಲಾಪುರದ ಹೈನುಗಾರ
ಮೇಯರ್, ಪ್ರಧಾನಿ ಎಲ್ಲ ಸರಿ. ಆ ದನಗಳು ಏನಾದವು ಎಂಬುದನ್ನು ಯಾರಾದರೂ ಹೇಳಬೇಕು.

ಟೋಕಿಯೋ ಕನ್ನಡಿಗ
ಹೇಳಲು ಕಷ್ಟವಾಗುತ್ತದೆ. ಆ ವಲಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ದನಗಳಿದ್ದವು. ಕಟ್ಟಿಹಾಕಿದ್ದ ಅನೇಕವು ಹಸಿವಿನಿಂದ ಸತ್ತವು, ಬಿಚ್ಚಿಬಿಟ್ಟವು ಊರೂರು ಅಲೆದವು. ಮೇ 12ರಂದು ಮಾಲೀಕರ ಒಪ್ಪಿಗೆ ಪಡೆದು ಅವನ್ನು ದಯಾಮರಣಕ್ಕೆ ಒಳಪಡಿಸಬೇಕೆಂದು ಕೇಂದ್ರ ಸರ್ಕಾರ ಪ್ರಾಂತಕ್ಕೆ ಸೂಚಿಸಿತು. ಒಪ್ಪದ ರೈತರೂ ಇದ್ದರು, ಅವರಲ್ಲಿ ಕೆಲವರು ಮುಂದೆ ವರ್ಷಗಳ ಕಾಲ ಆ ದನಗಳನ್ನು ಸಾಕಿದರು.

ಯಲ್ಲಾಪುರದ ಹೈನುಗಾರ
ನಮ್ಮಲ್ಲಿ ಒಪ್ಪಿಗೆ ಕೇಳುತ್ತಾರೆ ಎಂದು ಯಾವ ಕಾಗದದಲ್ಲಿ ಬರೆದಿದೆ? ಹತ್ತು ವರ್ಷ ಸಾಕಿದ ಹಸುವನ್ನು ಕಟ್ಟಿದ ಹಗ್ಗದಲ್ಲೇ ಬಿಟ್ಟು ನಾನು ಬಸ್ಸು ಹತ್ತಲಾರೆ, ಅದಕ್ಕೆ ಒಂದು ವರ್ಷ ಸೆರೆವಾಸ ಎಂದರೂ ಹತ್ತಲಾರೆ. ನನ್ನಂತಹವರು ಪ್ರತಿ ಊರಿನಲ್ಲೂ ಇದ್ದಾರೆ. ದನಗಳಿಗೆ ಮೇವು ನೀರಿನ ಏರ್ಪಾಡು ಯಾರು ಮಾಡುತ್ತಾರೆಂದು ಮೊದಲೇ ಹೇಳಿದರೆ ಆದೇಶ ತಾನಾಗಿಯೇ ಪಾಲನೆಯಾಗುತ್ತದೆ.

ಸ್ಥಾವರದ ನಿವೃತ್ತ
ಹೈನುಗಾರರೇ, ನಿಮ್ಮ ಮಾತಿಗೆ ಒಂದು ಸೇರ್ಪಡೆ. ಮೊದಲ ದಿನಗಳಲ್ಲಿ ದನಕ್ಕಿಂತ ಹಾಲು ಮುಖ್ಯವಾಗುತ್ತದೆ. ವಿಕಿರಣಶೀಲವಾದ ಅಯೋಡಿನ್-131 ಹುಲ್ಲಿನ ಮೇಲೆ ಬೀಳುತ್ತದೆ, ಹಸು ತಿನ್ನುತ್ತದೆ, ಹಾಲಿಗೆ ಬರುತ್ತದೆ, ಮಗುವಿನ ಥೈರಾಯ್ಡ್ ಸೇರುತ್ತದೆ. ಅದರ ಅರ್ಧಾಯುಷ್ಯ 8 ದಿನ ಮಾತ್ರ, ಆದ್ದರಿಂದ ಕೆಲವು ವಾರ ಹಾಲನ್ನು ತಡೆದರೆ ದೊಡ್ಡ ಅನಾಹುತ ತಪ್ಪುತ್ತದೆ. 1957ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ವಿಂಡ್‌ಸ್ಕೇಲ್ ಅಣುಸ್ಥಾವರದಲ್ಲಿ ಬೆಂಕಿ ಕಾಣಿಸಿದಾಗ ಯಾರನ್ನೂ ಊರು ಬಿಡಿಸಲಿಲ್ಲ. ಸುಮಾರು 500 ಚದರ ಕಿ.ಮೀ. ಪ್ರದೇಶದ ಹಾಲಿನ ಮಾರಾಟವನ್ನು ತಡೆದು, ಹಾಲನ್ನು ಚೆಲ್ಲಿಸಿದರು. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಆ ತಡೆ ಸಕಾಲದಲ್ಲಿ ಆಗಲಿಲ್ಲ. ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು, ಅವುಗಳಲ್ಲಿ ದೊಡ್ಡ ಪಾಲಿಗೆ ಕಾರಣ ಹಾಲು.

ಶಿರಸಿಯ ಶಿಕ್ಷಕಿ
ಚೆರ್ನೋಬಿಲ್‌ನ ಪಾಠ ಹಾಲಿಗೆ ಮುಗಿಯುವುದಿಲ್ಲ. 1986ರ ಏಪ್ರಿಲ್ 26ರ ನಸುಕಿನಲ್ಲಿ ಸ್ಫೋಟವಾಯಿತು, ಪಕ್ಕದ ಪ್ರಿಪ್ಯಾತ್ ಪಟ್ಟಣವನ್ನು ಖಾಲಿ ಮಾಡಿಸಲು ಆರಂಭಿಸಿದ್ದು 27ರ ಮಧ್ಯಾಹ್ನ 2 ಗಂಟೆಗೆ. ಅಷ್ಟು ಹೊತ್ತು ಮಕ್ಕಳು ಬಯಲಿನಲ್ಲಿ ಆಡುತ್ತಿದ್ದರು. ಬಳಿಕ ಸುಮಾರು 49,000 ಜನರನ್ನು ಕೆಲವೇ ಗಂಟೆಗಳಲ್ಲಿ ಬಸ್ಸುಗಳಲ್ಲಿ ಹೊರಗೆ ಸಾಗಿಸಿದರು, ಇದು ತಾತ್ಕಾಲಿಕ ಎಂದು ಅವರಿಗೆ ಹೇಳಿದರು. ಅವರು ಹಿಂದಿರುಗಲೇ ಇಲ್ಲ. ಆ ಆಡಳಿತಕ್ಕೆ ಇದ್ದಷ್ಟು ಅಧಿಕಾರ ಬೇರೆ ಯಾವ ಸರ್ಕಾರಕ್ಕೂ ಇದ್ದಿರಲಾರದು, ಆದರೂ ಅದು ಒಂದೂವರೆ ದಿನ ಬಾಯಿ ಬಿಡಲಿಲ್ಲ. ಹೆಚ್ಚು ಅಧಿಕಾರ ಕೊಟ್ಟರೆ ಹೆಚ್ಚು ರಕ್ಷಣೆ ಸಿಗುತ್ತದೆ ಎಂದು ವಾದಿಸುವವರು ಇದಕ್ಕೆ ಉತ್ತರ ಕೊಡಬೇಕು.

ಮಂಗಳೂರಿನ ಅಜಿತ
ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ಬಳಿಕ 1979ರ ಮಾರ್ಚ್ 30ರಂದು ರಾಜ್ಯಪಾಲ ಡಿಕ್ ಥಾರ್ನ್‌ಬರ್ಗ್ ಅವರು ಆದೇಶ ಹೊರಡಿಸಲಿಲ್ಲ, ಸಲಹೆ ಕೊಟ್ಟರು: 5 ಮೈಲಿ ಒಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಸೇರದ ಮಕ್ಕಳು ಹೊರಡುವುದು ಒಳ್ಳೆಯದು ಎಂದಷ್ಟೇ. ಸುಮಾರು 1,40,000 ಜನ ತಾವಾಗಿಯೇ ಹೊರಟುಹೋದರು. ದಂಡನೆಯ ಭಯ ಇಲ್ಲದೆಯೂ ಜನ ಹೋಗುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಸ್ಥಾವರದ ನಿವೃತ್ತ
ಅಜಿತರೇ, ನೀವು ಅದರ ಇನ್ನೊಂದು ಮುಖವನ್ನು ನೋಡಬೇಕು. ಸಲಹೆ ಇದ್ದದ್ದು ಕೆಲವು ಸಾವಿರ ಜನರಿಗೆ, ಹೊರಟವರು ಅದರ ಎಷ್ಟೋ ಪಟ್ಟು. ನಮ್ಮ ಘಟ್ಟದ ಒಂದು ರಸ್ತೆಯಲ್ಲಿ ಹಾಗೆ ಎಲ್ಲರೂ ಒಮ್ಮೆಗೇ ಗಾಡಿ ಇಳಿಸಿದರೆ ನಿಜವಾಗಿ ಹೋಗಲೇಬೇಕಾದವರು ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಕಾರಣಕ್ಕಾಗಿಯೇ ಹೊರಹೋಗುವುದನ್ನು ನಿಯಂತ್ರಿಸುವ ಅಧಿಕಾರ ಬೇಕಾಗುತ್ತದೆ.

ಕಾಳಿ ದಂಡೆಯವ (ಕಾರವಾರ ತಾಲ್ಲೂಕು)
ರಸ್ತೆಯ ಮಾತು ಬಂದದ್ದು ಒಳ್ಳೆಯದಾಯಿತು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿಯಿತು, ಅದೇ ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು, ಹಲವರು ಪ್ರಾಣ ಕಳೆದುಕೊಂಡರು. ಆಷಾಢದ ಮಳೆಯ ನಡುವೆ ಸ್ಥಾವರದಲ್ಲೂ ಏನಾದರೂ ಸಂಭವಿಸಿದರೆ ಆದೇಶದ ಕಾಗದ ಇರುತ್ತದೆ, ಹೋಗುವ ದಾರಿ ಇರುವುದಿಲ್ಲ. ಫುಕುಶಿಮಾದಲ್ಲೂ ಎರಡು ವಿಪತ್ತು ಒಟ್ಟಿಗೇ ಬಂದವು ಎಂಬುದನ್ನು ಮರೆಯಬಾರದು.

ದೆಹಲಿ ವಾಸಿ
ಚರ್ಚೆ ಸ್ಥಾವರಗಳ ಸುತ್ತಲೇ ಸಾಗುತ್ತಿದೆ. ಭಾರತದಲ್ಲಿ ಸಾರ್ವಜನಿಕರೊಬ್ಬರ ಪ್ರಾಣ ತೆಗೆದ ವಿಕಿರಣದ ಅಪಘಾತ ನಡೆದದ್ದು ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ, 2010ರ ಏಪ್ರಿಲ್‌ನಲ್ಲಿ. ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ, ವಿಕಿರಣಶೀಲ ಕೋಬಾಲ್ಟ್-60 ಇದ್ದ ಉಪಕರಣವನ್ನು ಹರಾಜಿನಲ್ಲಿ ಗುಜರಿಗೆ ಮಾರಿದ್ದರು, ಅಂಗಡಿಯಲ್ಲಿ ಅದನ್ನು ಒಡೆದರು. ಒಬ್ಬ ಕಾರ್ಮಿಕ ಸತ್ತ, ಇನ್ನು ಕೆಲವರು ತೀವ್ರವಾಗಿ ಗಾಯಗೊಂಡರು. ಇಂತಹ ಅಪಘಾತಗಳ ಗಂಭೀರತೆಯನ್ನು ಹೇಳುವ ಏಳು ಹಂತಗಳ ಅಂತರರಾಷ್ಟ್ರೀಯ ಅಳತೆಪಟ್ಟಿಯಲ್ಲಿ ಅದಕ್ಕೆ 4ನೇ ಹಂತ ಕೊಡಲಾಯಿತು. ಅಲ್ಲಿ ಸ್ಥಾವರದ ಸುತ್ತಲಿನಂತಹ 16 ಕಿ.ಮೀ. ವಲಯವೂ ಇರಲಿಲ್ಲ, ಸೈರನ್ನೂ ಇರಲಿಲ್ಲ. ರೋಗಿಯ ಚರ್ಮ ಕಪ್ಪಾಗಿ ಕೂದಲು ಉದುರಿದಾಗ ವೈದ್ಯರಿಗೆ ಅನುಮಾನ ಬಂತು, ಆಮೇಲೆ ತಜ್ಞರೂ ಪೊಲೀಸರೂ ಬಂದು ಆ ಅಂಗಡಿಗಳ ಸುತ್ತ ಪ್ರವೇಶ ತಡೆದರು.

ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಇದೇ ಬಗೆಯ ಪ್ರಕರಣದಲ್ಲಿ ನಾಲ್ವರು ಸತ್ತರು, 1,12,000ಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ಸಾಲು ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು, ಮನೆಗಳನ್ನು ಕೆಡವಬೇಕಾಯಿತು. ಬೆಂಗಳೂರಿನಂತಹ ಊರಿಗೆ ಹೆಚ್ಚು ಅನ್ವಯಿಸುವುದು ಇಂತಹ ಪ್ರಕರಣ. ಒಂದು ಬೀದಿಯನ್ನು ಮುಚ್ಚುವ, ಒಬ್ಬನ ಅಂಗಡಿಯ ಮಾಲನ್ನು ವಶಪಡಿಸಿಕೊಳ್ಳುವ, ಒಂದು ಮನೆಯನ್ನು ಕೆಡಹುವ ಅಧಿಕಾರ ಅಲ್ಲಿ ಬೇಕು, ಕೆಡವಿದ ಮನೆಗೆ ಪರಿಹಾರವೂ ಬೇಕು.

ಹುಬ್ಬಳ್ಳಿಯ ಓದುಗ
ಕೈಗಾದಲ್ಲೂ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿಗೆ ಟ್ರಿಷಿಯಂ (ವಿಕಿರಣಶೀಲ ಹೈಡ್ರೋಜನ್) ಬೆರೆತಿತ್ತಲ್ಲವೇ? ಆಗ ಯಾವ ಅಧಿಕಾರ ಚಲಾಯಿಸಿದರು?

ಸ್ಥಾವರದ ನಿವೃತ್ತ
ಅದು ಸ್ಥಾವರದೊಳಗಿನ ನೀರಿನ ಕೂಲರ್ ಒಂದಕ್ಕೆ ಯಾರೋ ಬೇಕೆಂದೇ ಬೆರೆಸಿದ ಪ್ರಕರಣವೆಂದು ಅಂದು ಸರ್ಕಾರವೇ ಹೇಳಿತ್ತು. ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಟ್ರಿಷಿಯಂ ಕಂಡುಬಂತು, ನೌಕರರ ಎಂದಿನ ಮೂತ್ರ ಪರೀಕ್ಷೆಯಿಂದಲೇ ಅದು ಪತ್ತೆಯಾಯಿತು. ಬೇಲಿ ದಾಟಲಿಲ್ಲ, ಆದ್ದರಿಂದ ಜಿಲ್ಲಾಡಳಿತದ ಅಧಿಕಾರದ ಪ್ರಶ್ನೆ ಬರಲಿಲ್ಲ.

ಶಿರಸಿಯ ಶಿಕ್ಷಕಿ
ಆದರೆ ಊರಿನವರಿಗೆ ತಿಳಿದದ್ದು ಪತ್ರಿಕೆಗಳಿಂದ. ನಾನು ಹೇಳುತ್ತಿರುವುದು ಅದನ್ನೇ.

ವೇಲ್ಸ್ ಕನ್ನಡತಿ
ಗಡುವಿನ ವಾದಕ್ಕೆ ನಾನು ವಾಸಿಸುವ ಕಡೆಯ ಒಂದು ಉದಾಹರಣೆ ಸೇರಿಸುತ್ತೇನೆ. ಚೆರ್ನೋಬಿಲ್‌ನ ಸೀಸಿಯಂ 1986ರ ಮೇ ತಿಂಗಳ ಮಳೆಯೊಂದಿಗೆ ಉತ್ತರ ವೇಲ್ಸ್‌ನ ಗುಡ್ಡಗಳ ಮೇಲೂ ಬಿತ್ತು. ಜೂನ್‌ನಲ್ಲಿ ಬ್ರಿಟನ್ ಸರ್ಕಾರ 1985ರ ಆಹಾರ ಮತ್ತು ಪರಿಸರ ರಕ್ಷಣಾ ಕಾಯ್ದೆಯಡಿ ತುರ್ತು ಆದೇಶ ಹೊರಡಿಸಿ, ಕುರಿಗಳ ಸಾಗಾಟ ಮತ್ತು ವಧೆಯನ್ನು ತಡೆಯಿತು. ಮೂರು ವಾರ ಮಾತ್ರ ಎಂದು ರೈತರಿಗೆ ಹೇಳಿದ್ದರು. ಬ್ರಿಟನ್ನಿನಾದ್ಯಂತ ಕುರಿ ಸಾಕುವ ಸುಮಾರು 10,000 ಹಿಡುವಳಿಗಳು, 40 ಲಕ್ಷಕ್ಕೂ ಹೆಚ್ಚು ಕುರಿಗಳು ಆ ನಿರ್ಬಂಧಕ್ಕೆ ಒಳಗಾದವು. ಕೊನೆಯ ನಿರ್ಬಂಧವನ್ನು ತೆಗೆದದ್ದು 2012ರ ಜೂನ್‌ನಲ್ಲಿ. ಜೇಡಿಮಣ್ಣಿನ ಹೊಲದಲ್ಲಿ ಸೀಸಿಯಂ ಬೇಗ ಬಂಧಿಯಾಗುತ್ತದೆ, ಇಲ್ಲಿನ ಜವುಗು ಗುಡ್ಡದ ಮಣ್ಣಿನಲ್ಲಿ ಹುಲ್ಲಿನೊಳಗೆ ಸುತ್ತುತ್ತಲೇ ಇರುತ್ತದೆ. ತಜ್ಞರ ಮೊದಲ ಅಂದಾಜು ತಪ್ಪಿದ್ದು ಅಲ್ಲಿ.

ನಿವೃತ್ತರು ಇದರಲ್ಲಿ ತಮ್ಮ ವಾದಕ್ಕೆ ಬೆಂಬಲ ಕಾಣಬಹುದು. ಆದರೆ ಇಲ್ಲಿ ಆದೇಶದ ಜೊತೆಗೆ ಒಂದು ವಿಧಾನವೂ ಇತ್ತು. ಪ್ರತಿ ಕುರಿಯನ್ನೂ ರೈತನ ಕಣ್ಣೆದುರಿಗೇ ಅಳೆಯುತ್ತಿದ್ದರು, ಕಿಲೋಗೆ 1,000 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಮೀರಿದ್ದಕ್ಕೆ ಬಣ್ಣದ ಗುರುತು ಹಾಕುತ್ತಿದ್ದರು, ಮೀರದ್ದನ್ನು ಮಾರಬಹುದಿತ್ತು, ಅಳತೆಯ ತೊಂದರೆಗೆಂದು ಕುರಿಯೊಂದಕ್ಕೆ 1.30 ಪೌಂಡ್ ಕೊಡುತ್ತಿದ್ದರು. ಆ ಹಣ ಸಾಲದೆಂಬ ದೂರು ಕೊನೆಯವರೆಗೂ ಇತ್ತು. ಆದರೂ ತನ್ನ ಮೇಲೆ ನಿರ್ಬಂಧ ಏಕೆ ಇದೆ ಎಂಬುದನ್ನು ರೈತನು ಸಂಖ್ಯೆಯಲ್ಲಿ ನೋಡಬಹುದಿತ್ತು.

ಕಾನೂನು ವಿದ್ಯಾರ್ಥಿನಿ (ಮೈಸೂರು)
ನನ್ನ ಬೇಡಿಕೆಯೂ ಇದೇ. ಗಡುವು ಎಂದರೆ ಅಂದು ನಿರ್ಬಂಧ ಸತ್ತುಹೋಗಬೇಕು ಎಂದಲ್ಲ. ಇಂತಿಷ್ಟು ದಿನಕ್ಕೊಮ್ಮೆ ಅಳತೆಗಳನ್ನು ಜನರ ಮುಂದಿಟ್ಟು, ಕಾರಣ ಬರೆದು ಆದೇಶವನ್ನು ನವೀಕರಿಸಬೇಕು. ಹಾಗೆ ಮಾಡದಿದ್ದರೆ ಅದು ತಾನಾಗಿ ಬಿದ್ದುಹೋಗಬೇಕು. ಸೀಸಿಯಂ ನಿಜವಾಗಿ ಇದ್ದರೆ ನವೀಕರಿಸುವುದು ಕಷ್ಟವೇನಲ್ಲ.

ಸ್ಥಾವರದ ನಿವೃತ್ತ
ಹೀಗೆ ಹೇಳಿದರೆ ನನ್ನ ಆಕ್ಷೇಪವಿಲ್ಲ. ಆದರೆ ಮೊದಲ 48 ಗಂಟೆಗಳಿಗೆ ಈ ವಿಧಿವಿಧಾನಗಳನ್ನು ಹೇರಬಾರದು. ಆಗ ಜಿಲ್ಲಾಧಿಕಾರಿ ಅರೆಬರೆ ಮಾಹಿತಿಯ ಮೇಲೆಯೇ ನಿರ್ಧರಿಸಬೇಕಾಗುತ್ತದೆ, ನಿರ್ಧಾರ ತಪ್ಪಾದರೆ ತನ್ನನ್ನು ಕೋರ್ಟಿಗೆ ಎಳೆಯುತ್ತಾರೆ ಎಂಬ ಅಂಜಿಕೆ ಆ ಹೊತ್ತಿನಲ್ಲಿ ಇರಕೂಡದು.

ಧಾರವಾಡದ ವಕೀಲ
ಆ ರಕ್ಷಣೆ ಈಗಾಗಲೇ ಇದೆ. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂದು ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 73 ಹೇಳುತ್ತದೆ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟು ಬಿಟ್ಟರೆ ಬೇರೆ ನ್ಯಾಯಾಲಯಗಳು ಇಂತಹ ವಿಷಯ ಮುಟ್ಟುವಂತಿಲ್ಲ ಎಂದು ಕಲಂ 71 ಹೇಳುತ್ತದೆ. ಅಧಿಕಾರಿಯ ಪಾಲಿನ ರಕ್ಷಣೆ ಬರಹದಲ್ಲಿದೆ. ಜನರ ಪಾಲಿನ ಮಾಹಿತಿಯ ಹಕ್ಕು ಅಷ್ಟೇ ಸ್ಪಷ್ಟವಾಗಿ ಬರಹಕ್ಕೆ ಬರಬೇಕು. ಸುಳ್ಳು ಎಚ್ಚರಿಕೆ ಹಬ್ಬಿಸಿದವರಿಗೆ ಕಲಂ 54ರಡಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ನಿಜವಾದ ಎಚ್ಚರಿಕೆಯನ್ನು ತಡಮಾಡಿದವರ ಮೇಲೂ ಅಷ್ಟೇ ಸ್ಪಷ್ಟವಾದ ಹೊಣೆ ಇರಬೇಕು ಎಂದು ನಾನು ಭಾವಿಸುತ್ತೇನೆ.

ಕಾಳಿ ದಂಡೆಯವರೇ, ಶಾಸನ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಕಲಂ 31ರಂತೆ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಹೊರಾವರಣ ಯೋಜನೆಯಲ್ಲಿ ನಿಮ್ಮ ಊರಿಗೆ ಸಂಬಂಧಿಸಿದ ಪುಟಗಳನ್ನು ಕೊಡಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದನ್ನು ಜಿಲ್ಲಾಧಿಕಾರಿಗೆ ಕಳುಹಿಸಿ. ಸೇರುವ ಜಾಗ, ಮಳೆಗಾಲದ ಬದಲಿ ದಾರಿ, ಅಯೋಡಿನ್ ಮಾತ್ರೆ ಇಟ್ಟಿರುವ ಸ್ಥಳ ಮತ್ತು ಕೊಡುವವರ ಹುದ್ದೆ, ಹಾಸಿಗೆ ಹಿಡಿದವರನ್ನು ಸಾಗಿಸುವ ವಾಹನ ಇವು ಸ್ಪಷ್ಟವಾಗಿ ಬರೆದಿರಬೇಕು.

ಕಾಳಿ ದಂಡೆಯವ (ಕಾರವಾರ ತಾಲ್ಲೂಕು)
ಠರಾವಿನ ಕರಡನ್ನು ಈ ವಾರವೇ ಬರೆದು ಇಲ್ಲಿ ಹಾಕುತ್ತೇನೆ, ವಕೀಲರು ದಯವಿಟ್ಟು ತಿದ್ದಿಕೊಡಬೇಕು. ಶಿಕ್ಷಕಿಯವರು ಹೇಳಿದಂತೆ ಮೊದಲ ಸೂಚನೆ ಸ್ಥಾವರದಿಂದ ಜಿಲ್ಲಾಡಳಿತಕ್ಕೆ ಎಷ್ಟು ನಿಮಿಷದಲ್ಲಿ, ಅಲ್ಲಿಂದ ಪಂಚಾಯಿತಿಗೆ ಎಷ್ಟು ನಿಮಿಷದಲ್ಲಿ ತಲುಪಬೇಕು ಎಂಬ ಪ್ರಶ್ನೆಯನ್ನು ಮೊದಲನೆಯದಾಗಿ ಇಡುತ್ತೇನೆ.

ಯಲ್ಲಾಪುರದ ಹೈನುಗಾರ
ದನಗಳ ಮೇವು ನೀರಿನ ಹೊಣೆ ಪಶುಸಂಗೋಪನಾ ಇಲಾಖೆಯ ಯಾವ ಅಧಿಕಾರಿಯದು ಎಂಬುದನ್ನೂ, ಹಾಲನ್ನು ಚೆಲ್ಲಲು ಹೇಳಿದರೆ ಲೀಟರಿಗೆ ಎಷ್ಟು ಹಣವನ್ನು ಯಾರು ಎಷ್ಟು ದಿನದೊಳಗೆ ಕೊಡುತ್ತಾರೆ ಎಂಬುದನ್ನೂ ಅದರಲ್ಲಿ ಸೇರಿಸಿ. ನಮ್ಮ ಹಾಲಿನ ಸಂಘದ ಕಡೆಯಿಂದಲೂ ಸಹಿ ಹಾಕಿಸಿಕೊಡುತ್ತೇನೆ.